ಮೋಡದ ಮೇಷ್ಟ್ರ ಬ್ಯಾಟರಿ

ಭೂಗೋಳದ ಮೇಷ್ಟ್ರು ಆ ಬೆಳಿಗ್ಗೆ ಲ್ಯಾಪ್‌ಟಾಪಿನ ಪರದೆ ನೋಡಬೇಕಾದ ಹೊತ್ತಿನಲ್ಲಿ ಕಿಟಕಿಯಾಚೆ ನೋಡಿದರು. ಅಷ್ಟೇ ಅವರು ಮಾಡಿದ ತಪ್ಪು.

ಸ್ಟಾಫ್ ರೂಮಿನ ಕಿಟಕಿಯಾಚೆ, ನೀರಿನ ಟ್ಯಾಂಕಿನ ಮೇಲೆ, ಒಂದು ಮೋಡ ನಿಂತಿತ್ತು. ಮಡಿಲ ತುಂಬ ಹಿಂಜಿದ ಹತ್ತಿ ಕಟ್ಟಿಕೊಂಡು ಹೊರಟ ಹೆಂಗಸೊಬ್ಬಳು ಎಲ್ಲಿಗೆ ಹೊರಟೆನೆಂಬುದನ್ನೇ ಮರೆತು ನಿಂತ ಹಾಗಿತ್ತು. ಮೇಷ್ಟ್ರ ಕಣ್ಣು ಅಲ್ಲಿ, ಬೆರಳು ಇಲ್ಲಿ. ಪರದೆಯ ಮೇಲೆ ಹನ್ನೊಂದು ತಿಂಗಳಿಂದ ದಿನಾ ಬರುತ್ತಿದ್ದ ಸೂಚನೆಯೇ ಬಂದಿತ್ತು: ಬ್ಯಾಟರಿಯನ್ನು ನಡೆಸುವ ಫರ್ಮ್‌ವೇರ್ ತಂತ್ರಾಂಶಕ್ಕೆ ಅಪ್‌ಡೇಟ್ ಇದೆ, ಈಗ ಮಾಡಲೋ, ಆಮೇಲೆ ಮಾಡಲೋ? ಹನ್ನೊಂದು ತಿಂಗಳೂ ಮೇಷ್ಟ್ರು 'ಆಮೇಲೆ' ಎಂದೇ ಒತ್ತಿ ಅದನ್ನು ಸಾಗಹಾಕಿದ್ದರು. ಇವತ್ತು ಬೆರಳು ಹೋಗಿ 'ಈಗ'ದ ಮೇಲೆ ಕೂತಿತು.

ಪರದೆ ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಅದರ ನಡುವೆ ಎರಡು ಸಾಲು ಮೂಡಿದವು. ಅಪ್‌ಡೇಟ್ ಮಾಡಲು ಬ್ಯಾಟರಿ ಕನಿಷ್ಠ ಮೂವತ್ತು ಪರ್ಸೆಂಟ್ ಇರಬೇಕು. ಈಗ ಒಂಬತ್ತು ಪರ್ಸೆಂಟ್ ಇದೆ.

ಮೇಷ್ಟ್ರು ಯಾವ ಗುಂಡಿ ಒತ್ತಿದರೂ ಅವೇ ಎರಡು ಸಾಲು. ಹಿಂದಕ್ಕೂ ಹೋಗದು, ಮುಂದಕ್ಕೂ ಹೋಗದು. ಚಾರ್ಜರ್ ಚುಚ್ಚಿ ಅರ್ಧ ಗಂಟೆ ಕಾದರು. ಒಂಬತ್ತು ಒಂಬತ್ತಾಗಿಯೇ ಉಳಿಯಿತು.

ಬೇರೆ ದಿನವಾಗಿದ್ದರೆ ಮುಚ್ಚಿಟ್ಟು ಪಾಠಕ್ಕೆ ಹೋಗುತ್ತಿದ್ದರು. ಆದರೆ ಸಾಯಂಕಾಲ ನಾಲ್ಕಕ್ಕೆ ಬೆಟ್ಟದ ಮೇಲಿನ ಹವಾಮಾನ ಕೇಂದ್ರದಿಂದ ಅಧಿಕಾರಿಯೊಬ್ಬರು ಬರುವವರಿದ್ದರು. ಕೇಂದ್ರಕ್ಕೆ ಒಂದು ವರ್ಷದ ಮಟ್ಟಿಗೆ ಒಬ್ಬ ಶಿಕ್ಷಕ ಬೇಕಾಗಿತ್ತು. ಮೋಡ ನೋಡುವ ಆಸೆಯಿಂದ ಮೇಷ್ಟ್ರು ಅರ್ಜಿ ಹಾಕಿದ್ದರು. ಶಾಲೆಯ ಹಾಲಿನಲ್ಲಿ ಮಕ್ಕಳ ಮುಂದೆ ಮೋಡಗಳ ಬಗ್ಗೆ ಮಾತಾಡಬೇಕು, ಅಧಿಕಾರಿ ಕೂತು ಕೇಳಬೇಕು, ಒಪ್ಪಿಗೆಯಾದರೆ ಬೆಟ್ಟ. ಹನ್ನೊಂದು ವರ್ಷದಲ್ಲಿ ತೆಗೆದ ಸಾವಿರದ ನಾನೂರು ಮೋಡಗಳ ಫೋಟೋಗಳು ಆ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿದ್ದವು. ಬೆಳಿಗ್ಗೆ ಹೊಸಿಲು ದಾಟುವಾಗ ಹೆಂಡತಿ ಹೇಳಿಯೂ ಇದ್ದರು: "ರೀ, ಇವತ್ತೊಂದು ದಿನ ನೆಲ ನೋಡ್ಕೊಂಡು ನಡೀರಿ."

ಮಕ್ಕಳು ಅವರನ್ನು ಮೋಡದ ಮೇಷ್ಟ್ರು ಎನ್ನುತ್ತಿದ್ದರು. ಸಹೋದ್ಯೋಗಿಗಳೂ ಹಾಗೇ ಕರೆಯುತ್ತಿದ್ದರು, ಆದರೆ ಅವರು ಕರೆಯುವಾಗ ಪ್ರೀತಿ ಕೊಂಚ ಕಡಿಮೆಯಿರುತ್ತಿತ್ತು.

"ಇನ್ನೊಂದು ಕಡೆ ಪ್ರತಿ ಇಟ್ಟಿದ್ದೀರಿ ತಾನೆ?" ಎಂದು ಗಣಿತದ ಮೇಷ್ಟ್ರು ಕೇಳಿದರು.

"ಈ ರಜೆಯಲ್ಲಿ ಮಾಡೋಣ ಅಂತಿದ್ದೆ."

"ಯಾವ ವರ್ಷದ ರಜೆ?"

ಮೋಡದ ಮೇಷ್ಟ್ರು ರಿಪೇರಿ ಅಂಗಡಿಗೆ ಫೋನ್ ಹಚ್ಚಿದರು. ಅಂಗಡಿಯಾತ ತಾಳ್ಮೆಯ ಮನುಷ್ಯ.

"ಚಾರ್ಜ್ ಏರಲ್ಲ ಸರ್. ಹಳೇ ಫರ್ಮ್‌ವೇರ್‌ಗೆ ಈಗ ಬ್ಯಾಟರಿಯ ಗುರುತೇ ಹತ್ತೋದಿಲ್ಲ. ಅಪ್‌ಡೇಟ್ ಮಾಡಿ, ಏರುತ್ತೆ."

"ಅಪ್‌ಡೇಟ್‌ಗೆ ಮೂವತ್ತು ಪರ್ಸೆಂಟ್ ಬೇಕಂತೆ."

"ಹೌದು, ಬೇಕು."

"ಮೂವತ್ತು ಆಗಬೇಕಾದರೆ?"

"ಅಪ್‌ಡೇಟ್ ಮಾಡಬೇಕು."

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಮೇಷ್ಟ್ರು ಆ ಗಾದೆಯನ್ನು ಇಷ್ಟು ವರ್ಷ ಬರೀ ಮಾತಿಗೆ ಬಳಸುತ್ತಿದ್ದರು. ಈಗ ಅದು ಮೇಜಿನ ಮೇಲೆ ಕಪ್ಪು ಪರದೆ ಬಿಚ್ಚಿಕೊಂಡು ಕೂತಿತ್ತು.

"ಒಂದು ದಾರಿ ಇದೆ," ಎಂದ ಅಂಗಡಿಯಾತ. "ಮಷೀನ್ ಆಫ್ ಮಾಡಿ ತಣ್ಣಗಿಡಿ. ಚಾರ್ಜರ್ ಪಿನ್ ಒತ್ತಿ ಕೂತಿರಲಿ. ಹನಿ ಹನಿಯಾಗಿ ಏರುತ್ತೆ. ಆದರೆ ಎಷ್ಟಾಯ್ತು ಅಂತ ಆನ್ ಮಾಡಿ ನೋಡಬಾರದು, ನೋಡಿದರೆ ಏರಿದ್ದು ಇಳಿಯುತ್ತೆ. ಇನ್ನೊಂದು ಮಾತು ಸರ್. ಅಪ್‌ಡೇಟ್ ಶುರುವಾದ ಮೇಲೆ ಕರೆಂಟ್ ತಪ್ಪಿದರೆ ಒಳಗಿರೋದನ್ನ ನಾನೂ ತೆಗೆಯೋಕಾಗಲ್ಲ."

ಆನ್ ಮಾಡಿ ನೋಡಬಾರದು ಎಂಬ ಮಾತು ಸ್ಟಾಫ್ ರೂಮಿಗೆ ಬಿದ್ದದ್ದೇ ತಡ, ಅಲ್ಲಿದ್ದ ಎಲ್ಲರಿಗೂ ನೋಡಲೇಬೇಕೆನಿಸಿತು. ಮೋಡದ ಮೇಷ್ಟ್ರು ಏಳನೇ ತರಗತಿಗೆ ನದಿಗಳ ಪಾಠ ಮಾಡಿ ಬರುವಷ್ಟರಲ್ಲಿ ಗಣಿತದ ಮೇಷ್ಟ್ರು ಮೂರು ಸಲ ಆನ್ ಮಾಡಿ, ಪ್ರತಿ ಸಲದ ಅಂಕಿಯನ್ನೂ ಕಾಗದದ ಮೇಲೆ ಬರೆದುಕೊಂಡಿದ್ದರು.

"ಹನ್ನೆರಡು ಆಗಿತ್ತು. ನೋಡಿದೆ, ಹನ್ನೊಂದಾಯ್ತು. ಯಾಕೆ ಅಂತ ಮತ್ತೆ ನೋಡಿದೆ, ಹತ್ತಾಯ್ತು. ಈ ಲೆಕ್ಕದಲ್ಲಿ ಮೂವತ್ತು ಆಗೋಕೆ ನಾಡಿದ್ದು ಮಧ್ಯಾಹ್ನ ಮೂರೂವರೆ ಆಗುತ್ತೆ."

"ನೀವು ನೋಡದೆ ಇದ್ದರೆ?"

"ಅದನ್ನ ನೋಡದೆ ಹೇಗೆ ಹೇಳೋದು?"

ರಸಾಯನಶಾಸ್ತ್ರದ ಮೇಡಂ ಬಂದು ಲ್ಯಾಪ್‌ಟಾಪಿನ ಬೆನ್ನು ಮುಟ್ಟಿ ನೋಡಿದರು, ಮನೆಯಲ್ಲಿ ಮಕ್ಕಳ ಹಣೆ ಮುಟ್ಟುವ ಹಾಗೆ. "ಕಾವು ಏರಿದೆ," ಎಂದರು. ಪ್ರಯೋಗಾಲಯದಿಂದ ಅಲ್ಯುಮಿನಿಯಂ ತಟ್ಟೆ ತಂದು, ಅದರ ಕೆಳಗೆ ಒದ್ದೆ ಬಟ್ಟೆ ಹಾಸಿ, ತಟ್ಟೆಯ ಮೇಲೆ ಯಂತ್ರವನ್ನು ಮಲಗಿಸಿದರು. ಇದೊಂದು ಮಾತ್ರ ನಿಜಕ್ಕೂ ಕೆಲಸಕ್ಕೆ ಬಂತು. ಆಮೇಲೆ ಆಟದ ಮೇಷ್ಟ್ರು ಬಂದರು. ಪಿನ್ ಸಡಿಲವಿದೆ, ಎಡಕ್ಕೆ ಒತ್ತಿದರೆ ಮಾತ್ರ ದೀಪ ಹತ್ತುತ್ತದೆ ಎಂಬುದನ್ನು ಕಂಡುಹಿಡಿದವರು ಅವರೇ. ಕಾಲು ಉಳುಕಿದವರಿಗೆ ಸುತ್ತುವ ಪಟ್ಟಿ ತಂದು ಪಿನ್ನನ್ನೂ ಲ್ಯಾಪ್‌ಟಾಪನ್ನೂ ಸೇರಿಸಿ ಬಿಗಿಯಾಗಿ ಸುತ್ತಿದರು. "ಮೂರು ವಾರ ಓಡಿಸಬೇಡಿ," ಎಂದು ಬಾಯಿಗೆ ರೂಢಿಯಾದ ಮಾತನ್ನೇ ಹೇಳಿ ಹೋದರು.

ಊಟದ ಹೊತ್ತು ಕಳೆಯಿತು. ಮೋಡದ ಮೇಷ್ಟ್ರು ಊಟ ಬಿಟ್ಟು ಅದರ ಪಕ್ಕ ಕೂತರು. ರೂಮಿನಲ್ಲಿ ಯಾರೂ ಇರಲಿಲ್ಲ. ಪಟ್ಟಿ ಸುತ್ತಿಕೊಂಡು ತಣ್ಣನೆಯ ತಟ್ಟೆಯಲ್ಲಿ ಮಲಗಿದ ಯಂತ್ರ, ಅದರ ಅಂಚಿನಲ್ಲಿ ಉಸಿರಾಡುವ ಹಾಗೆ ಹತ್ತಿ ಆರುವ ಸಾಸಿವೆ ಕಾಳಿನಷ್ಟು ದೀಪ. ಒಳಗೆ ಸಾವಿರದ ನಾನೂರು ಮೋಡಗಳು ಕತ್ತಲಲ್ಲಿ ಒಂದಕ್ಕೊಂದು ತಾಗದೆ ನಿಂತಿರಬೇಕು ಎಂದುಕೊಂಡರು. ಮಗಳು ಹುಟ್ಟಿದ ದಿನ ಆಸ್ಪತ್ರೆಯ ಮಹಡಿಯಿಂದ ತೆಗೆದ ಒಂದು ಬಿಳಿ ಗುಪ್ಪೆ. ಅಪ್ಪ ತೀರಿಕೊಂಡ ವಾರ ಊರ ತುಂಬ ಕವುಚಿಕೊಂಡಿದ್ದ ಬೂದಿ ಬಣ್ಣದ್ದು. ಬಸ್ಸು ತಪ್ಪಿದ ದಿನ ಸಿಕ್ಕ ಒಂದು, ಏನೂ ವಿಶೇಷವಿಲ್ಲದ್ದು, ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅವನ್ನೆಲ್ಲ ನೆನೆಯುತ್ತಾ ಮೇಷ್ಟ್ರಿಗೆ ಕಣ್ಣು ಹತ್ತಿತು.

ಎಚ್ಚರವಾದಾಗ ಎದುರಿಗೆ ಮುಖ್ಯೋಪಾಧ್ಯಾಯಿನಿ ನಿಂತಿದ್ದರು.

"ಯಾರಿಗೆ ಪೆಟ್ಟಾಯ್ತು?"

ಮೇಷ್ಟ್ರು ವಿಷಯ ತಿಳಿಸಿದರು. ಮುಖ್ಯೋಪಾಧ್ಯಾಯಿನಿ ಕೂಡಲೇ ಅದನ್ನು ಆನ್ ಮಾಡಿ ನೋಡಿದರು. ಇಪ್ಪತ್ತೇಳು. ಅದನ್ನು ಹಾಗೇ ಉರಿಯಲು ಬಿಟ್ಟು, ಶಾಲೆಯಲ್ಲಿ ವಿದ್ಯುತ್ತನ್ನು ಹೇಗೆ ಉಳಿಸಬೇಕೆಂದು ಏಳು ನಿಮಿಷ ಹೇಳಿದರು. ಅವರು ಹೋದಾಗ ಇಪ್ಪತ್ತನಾಲ್ಕಾಗಿತ್ತು.

ಮೂವತ್ತು ಮುಟ್ಟಿದ್ದು ಮೂರೂ ನಲವತ್ತಕ್ಕೆ. ಅಷ್ಟರಲ್ಲಿ ಗಣಿತದ ಮೇಷ್ಟ್ರು ಇನ್ನೊಂದು ತೊಡಕು ಹುಡುಕಿಟ್ಟಿದ್ದರು. ಹಾಲಿನ ಪ್ಲಗ್‌ಗಳು ಹೋದ ವರ್ಷದಿಂದ ಗೋಡೆಯ ಅಲಂಕಾರಕ್ಕಷ್ಟೇ ಇದ್ದವು. ಅಪ್‌ಡೇಟ್ ಶುರು ಮಾಡಿದರೆ ಕರೆಂಟ್ ತಪ್ಪಿಸುವಂತಿಲ್ಲ, ಭಾಷಣಕ್ಕೆ ಹಾಲಿಗೆ ಹೋಗದಿರುವಂತಿಲ್ಲ.

"ನಾನು ಹೆಜ್ಜೆ ಹಾಕಿ ಅಳೆದಿದ್ದೀನಿ," ಎಂದರು. "ನಲವತ್ತೆರಡು ಹೆಜ್ಜೆ. ನಾಲ್ಕು ಎಕ್ಸ್‌ಟೆನ್ಷನ್ ವೈರ್ ಒಂದಕ್ಕೊಂದು ಸೇರಿಸಿದರೆ ವೇದಿಕೆಯವರೆಗೂ ಬರುತ್ತೆ. ಮೊದಲೇ ಅದಕ್ಕೆ ಚುಚ್ಚಿ, ಆಮೇಲೆ ಶುರು ಮಾಡಿ."

ಹಾಗೇ ಮಾಡಿದರು. ಪರದೆಯ ಮೇಲೆ ಬಿಳಿ ಗೆರೆಯೊಂದು ಹುಟ್ಟಿ, ಇರುವೆಗಿಂತ ನಿಧಾನವಾಗಿ ಬಲಕ್ಕೆ ಹೊರಟಿತು. ವಿದ್ಯುತ್ ಸಂಪರ್ಕ ತಪ್ಪಿಸಬೇಡಿ ಎಂದು ಕೆಳಗೆ ಬರೆದಿತ್ತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಆಟದ ಮೇಷ್ಟ್ರ ಪಟ್ಟಿ ಸಡಿಲಾಗಿ ಜಾರಿತು. ಮೋಡದ ಮೇಷ್ಟ್ರು ಹೆಬ್ಬೆರಳಿನಿಂದ ಪಿನ್ನನ್ನು ಎಡಕ್ಕೆ ಒತ್ತಿ ಹಿಡಿದರು. ಆಮೇಲೆ ಆ ಬೆರಳನ್ನು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ, ಅವರಿಗೂ ಬರಲಿಲ್ಲ.

ಪಡಸಾಲೆಯಲ್ಲಿ ಮೆರವಣಿಗೆ ಹೊರಟಿತು. ಮುಂದೆ ದಾರಿ ಬಿಡಿಸುತ್ತಾ ಆಟದ ಮೇಷ್ಟ್ರು, ನಡುವೆ ಹಸುಗೂಸನ್ನು ಎತ್ತಿಕೊಂಡ ಹಾಗೆ ಲ್ಯಾಪ್‌ಟಾಪ್ ಎತ್ತಿಕೊಂಡ ಮೋಡದ ಮೇಷ್ಟ್ರು, ಹಿಂದೆ ವೈರಿನ ಕೀಲುಗಳನ್ನು ಸೆರಗಿನ ತುದಿ ಹಿಡಿದ ಹಾಗೆ ಹಿಡಿದ ರಸಾಯನದ ಮೇಡಂ, ಎಲ್ಲರಿಗಿಂತ ಹಿಂದೆ ಹೆಜ್ಜೆ ಎಣಿಸುತ್ತಾ ಗಣಿತದ ಮೇಷ್ಟ್ರು. ಹಾಲಿನ ಹೊಸಿಲ ಬಳಿ ವೈರು ಬಿಗಿದು ನಿಂತಿತು.

"ಕಂಬ ಸುತ್ತಿ ಬರಬೇಕಲ್ಲ, ಅದನ್ನ ಮರೆತೆ," ಎಂದರು ಗಣಿತದ ಮೇಷ್ಟ್ರು.

ಒಳಗೆ ಇನ್ನೂರು ಮಕ್ಕಳು ವೇದಿಕೆಯತ್ತ ಮುಖ ಮಾಡಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಬಿಳಿ ಕೂದಲಿನ, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡ ಮಹಿಳಾ ಅಧಿಕಾರಿ. ಮುಖ್ಯೋಪಾಧ್ಯಾಯಿನಿ ಒಂದು ಸಲ ಹೊಸಿಲ ಕಡೆ ನೋಡಿದರು, ಒಂದು ಸಲ ವೇದಿಕೆಯ ಕಡೆ ನೋಡಿದರು. ಆಮೇಲೆ, "ಎಲ್ಲರೂ ಕುರ್ಚಿ ತಿರುಗಿಸಿ," ಎಂದರು.

ಇನ್ನೂರು ಕುರ್ಚಿಗಳ ಸದ್ದು ನಿಂತಾಗ ಮೋಡದ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ತೋರಿಸಲು ಒಂದೂ ಚಿತ್ರವಿಲ್ಲ. ಎರಡೂ ಕೈ ಬಿಡುವಿಲ್ಲ. ಗೆರೆ ನೂರಕ್ಕೆ ಆರರ ಬಳಿ ಇತ್ತು.

"ಸರ್," ಎಂದಳು ಒಬ್ಬ ಹುಡುಗಿ, "ನಿಮ್ಮ ಹಿಂದೆ ಒಂದು ಬಂದಿದೆ."

ಅವರ ಬೆನ್ನ ಹಿಂದೆ ಆಟದ ಮೈದಾನ, ಅದರ ಮೇಲೆ ಪೂರ್ತಿ ಆಕಾಶ. ತಿರುಗಿದರೆ ಪಿನ್ ಜಾರೀತು. ಮೇಷ್ಟ್ರು ತಿರುಗಲಿಲ್ಲ.

"ಹೇಗಿದೆ?" ಎಂದರು.

"ತೆಳ್ಳಗೆ ಇದೆ. ಬಾಚಣಿಗೆಯಲ್ಲಿ ಉಳಿದ ಕೂದಲಿನ ಥರ."

ಮೇಷ್ಟ್ರು ಕಣ್ಣು ಮುಚ್ಚಿದರು. "ಅದು ನೀರಲ್ಲ, ಮಂಜಿನ ಹರಳು. ನೀವು ದಿನಾ ನಡೆದು ಬರೋ ದಾರಿಯ ಮೂರರಷ್ಟು ಎತ್ತರದಲ್ಲಿದೆ. ತುದಿ ಯಾವ ಕಡೆ ಬಾಗಿದೆ?"

"ಟ್ಯಾಂಕಿನ ಕಡೆ."

"ಹಾಗಾದರೆ ಮೇಲಿನ ಗಾಳಿ ಆ ಕಡೆ ಹೋಗ್ತಾ ಇದೆ. ಕೆಳಗೆ ನಮಗೆ ಗೊತ್ತೇ ಆಗಲ್ಲ. ನಾವು ಇಲ್ಲಿ ಸುಮ್ಮನೆ ಕೂತಿರ್ತೀವಿ, ಅಲ್ಲಿ ಅದು ರೈಲಿನ ವೇಗದಲ್ಲಿ ಊರು ದಾಟ್ತಾ ಇರುತ್ತೆ."

ಇನ್ನೊಬ್ಬ ಕೈ ಎತ್ತಿ ಮತ್ತೊಂದು ಮೋಡ ತೋರಿಸಿದ: ಬುಡ ಚಪ್ಪಟೆ, ತಲೆ ಹೂಕೋಸು. ಬುಡ ಯಾಕೆ ಚಪ್ಪಟೆಯೆಂದು ಮೇಷ್ಟ್ರು ಹೇಳಿದರು: ಕಾಣದ ಹಬೆ ಮೇಲೇರುತ್ತಾ ಯಾವ ಎತ್ತರದಲ್ಲಿ ಹನಿಯಾಗುತ್ತದೋ ಅಲ್ಲೇ ಮೋಡದ ನೆಲ ಶುರು, ಅದರ ಕೆಳಗಿನದೂ ಮೋಡವೇ, ಇನ್ನೂ ಕಾಣಿಸಿಕೊಂಡಿಲ್ಲ ಅಷ್ಟೇ. ಹಿಂದಿನ ಸಾಲಿನಿಂದ ಮತ್ತೊಬ್ಬಳು ಮೆಲ್ಲಗೆ, "ಒಂದು ಬಂದಿದೆ ಸರ್, ಅದು ಯಾವುದರ ಥರವೂ ಇಲ್ಲ," ಎಂದಳು.

"ಅದು ಈಗ ಹುಟ್ತಾ ಇರೋದು. ಇನ್ನೂ ಏನೂ ಆಗಿಲ್ಲ. ಸುಮ್ಮನೆ ನೋಡಿ."

ಇನ್ನೂರು ಮಕ್ಕಳು ಸುಮ್ಮನೆ ನೋಡಿದರು. ಮಾತಿಲ್ಲದ ಹಾಲಿನಲ್ಲಿ ಫ್ಯಾನಿನ ಸದ್ದು ಕೂಡ ದೂರದಿಂದ ಬಂದಂತಿತ್ತು. ಮುಖ್ಯೋಪಾಧ್ಯಾಯಿನಿ ಬಾಯಿ ತುಸು ತೆರೆದುಕೊಂಡು ಕೂತಿದ್ದರು. ಗಣಿತದ ಮೇಷ್ಟ್ರು ಏನನ್ನೂ ಎಣಿಸುತ್ತಿರಲಿಲ್ಲ. ಕುರ್ಚಿಯನ್ನು ಬಾಗಿಲ ಹತ್ತಿರಕ್ಕೇ ಎಳೆದುಕೊಂಡಿದ್ದ ಅಧಿಕಾರಿ ಮಾತ್ರ ಪುಸ್ತಕದಲ್ಲಿ ಬಿಡದೆ ಬರೆಯುತ್ತಿದ್ದರು. ಕಣ್ಣು ತೆರೆದಾಗೆಲ್ಲ ಮೇಷ್ಟ್ರಿಗೆ ಅದು ಕಾಣುತ್ತಿತ್ತು, ಎದೆ ಹಗುರಾಗುತ್ತಿತ್ತು. ಬೆಟ್ಟದ ಗಾಳಿ ಆಗಲೇ ಕುತ್ತಿಗೆಗೆ ಸೋಕಿದಂತಾಯಿತು.

ನಾಲ್ಕೂ ಮುಕ್ಕಾಲಿಗೆ ಗೆರೆ ತುದಿ ಮುಟ್ಟಿತು. ಯಂತ್ರ ಒಮ್ಮೆ ಬೀಪ್ ಎಂದು, ಕಪ್ಪಾಗಿ, ಬೆಳಗಿತು. ಮೇಷ್ಟ್ರು ಮರಗಟ್ಟಿದ ಬೆರಳಿನಿಂದಲೇ ಫೋಟೋಗಳ ಕಡತ ತೆರೆದರು. ಸಾವಿರದ ನಾನೂರೂ ಇದ್ದವು. ಕಣ್ಣಂಚು ಒದ್ದೆಯಾದದ್ದನ್ನು ತೋಳಿನಿಂದ ಒರೆಸಿಕೊಂಡರು.

ಮಕ್ಕಳು ಹೋದ ಮೇಲೆ ಅಧಿಕಾರಿ ಹತ್ತಿರ ಬಂದರು. ಮೇಷ್ಟ್ರು ಮೊದಲ ಫೋಟೋ ಅವರ ಕಡೆ ತಿರುಗಿಸಿದರು. ಅವರು ಫೋಟೋ ನೋಡಲಿಲ್ಲ. ಮೂಲೆಯಲ್ಲಿ ಏರುತ್ತಿದ್ದ ಬ್ಯಾಟರಿಯ ಅಂಕಿ ನೋಡಿದರು.

"ಎಷ್ಟು ವರ್ಷದ್ದು ಈ ಬ್ಯಾಟರಿ?"

"ಎಂಟು, ಮೇಡಂ."

"ಬೆಳಿಗ್ಗೆ ಒಂಬತ್ತು ಪರ್ಸೆಂಟ್ ಇತ್ತಂತೆ. ಅದನ್ನ ಮೂವತ್ತಕ್ಕೆ ತಂದು, ಒಂದು ಗಂಟೆ ಬೆರಳು ಅಲ್ಲಾಡಿಸದೆ ಅಪ್‌ಡೇಟ್ ಮುಗಿಸಿದ್ದೀರಿ. ಮಾತಿನ ಮಧ್ಯೆ ಒಂದು ಸಲವೂ ಮರೆಯಲಿಲ್ಲ. ನಾನು ಐದೈದು ನಿಮಿಷಕ್ಕೆ ಬರ್ಕೊಂಡಿದ್ದೀನಿ." ಪುಸ್ತಕ ತೋರಿಸಿದರು. ಪುಟದ ತುಂಬ ಹೆಬ್ಬೆರಳಿನ ವರದಿ. "ಇಂಥವರನ್ನೇ ನಾವು ಹುಡುಕ್ತಾ ಇದ್ದದ್ದು. ಸೋಮವಾರವೇ ಬನ್ನಿ."

ಮೇಷ್ಟ್ರಿಗೆ ಅರ್ಥವಾಗಲಿಲ್ಲ. "ಮೋಡ ನೋಡೋ ಕೆಲಸಕ್ಕೆ..."

"ಮೋಡ ನೋಡೋಕೆ ಅರವತ್ತೆರಡು ಕ್ಯಾಮೆರಾ ಇದೆ. ಅವು ನೋಡ್ಕೊಳ್ತವೆ. ಅವುಗಳ ಬ್ಯಾಟರಿ ನೋಡೋರು ಯಾರೂ ಇಲ್ಲ. ಎಲ್ಲ ಹಳೇವು, ಒಂದೊಂದಕ್ಕೂ ವಾರಕ್ಕೊಂದು ಅಪ್‌ಡೇಟ್. ಬಂದವರೆಲ್ಲ ಒಂದು ತಿಂಗಳಿಗೆ ಬಿಟ್ಟು ಓಡಿದರು. ನೆಲಮಾಳಿಗೆಯಲ್ಲಿ ನಿಮಗೇ ಅಂತ ಒಂದು ಕೋಣೆ ಇದೆ."

"ಕಿಟಕಿ?"

"ಒಂದೂ ಇಲ್ಲ. ಬ್ಯಾಟರಿಗೆ ಬಿಸಿಲು ತಾಗುತ್ತೆ ಅನ್ನೋ ಭಯವೇ ಬೇಡ ನಿಮಗೆ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಯಾಗಿತ್ತು. ಆಟದ ಮೇಷ್ಟ್ರು ಬೆನ್ನು ತಟ್ಟಿದರು. ರಸಾಯನದ ಮೇಡಂ ಸಿಹಿಸುದ್ದಿ ತಡವಾಗಬಾರದೆಂದು ಮೇಷ್ಟ್ರ ಮನೆಗೇ ಫೋನ್ ಮಾಡಿ, ಅದನ್ನು ಅವರ ಕಿವಿಗೆ ಹಿಡಿದರು.

"ಕೊನೆಗೂ ಬೆಟ್ಟ ಸಿಕ್ತಂತಲ್ಲ ರೀ," ಎಂದರು ಹೆಂಡತಿ. "ನನಗೆ ಗೊತ್ತಿತ್ತು. ನೀವೇನಂದ್ರಿ ಅವರಿಗೆ?"

"ಟಾರ್ಚ್ ತರಬೇಕಾ ಅಂತ ಕೇಳಬೇಕು ಅಂತಿದ್ದೆ," ಎಂದರು ಮೋಡದ ಮೇಷ್ಟ್ರು.