ಗಂಗವ್ವನ ಬಿಸ್ಕತ್ತಿನ ದೇಶ

ಪೊಟ್ಟಣದ ಮೇಲೆ ಕಪ್ಪು ಗೆರೆಗಳ ಕೆಳಗಿರುವ ನಂಬರಿಗೂ ಒಳಗಿನ ಬಿಸ್ಕತ್ತು ಬೆಂದ ಊರಿಗೂ ಸಂಬಂಧವಿಲ್ಲ. ಇದೆ ಎಂದು ನಂಬಿ ಗಂಗವ್ವನ ಗಂಡನನ್ನು ಸುಳ್ಳುಗಾರನನ್ನಾಗಿ ಮಾಡಿದವಳು ನಾನು. ವಯಸ್ಸಾದರೆ ಬುದ್ಧಿ ಬರುತ್ತದಂತೆ. ನನಗೆ ಮೊಬೈಲು ಬಂತು. ಅದರಲ್ಲಿ ಯಾರೋ ಕಳಿಸಿದ್ದರು: ನಂಬರು ಎಂಟು ಒಂಬತ್ತು ಸೊನ್ನೆಯಿಂದ ಶುರುವಾದರೆ ನಮ್ಮ ದೇಶದ ಮಾಲು, ಇಲ್ಲದಿದ್ದರೆ ಪರದೇಶದ್ದು. ನಾನು ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷು ಬಾರದು, ಅಂಕಿ ಬರುತ್ತದೆ. ಅಷ್ಟು ಸಾಕಾಯಿತು. ಅಂಗಡಿಯಲ್ಲಿ ಒಂದೊಂದೇ ಮಾಲು ತಿರುಗಿಸಿ ನಂಬರು ಓದತೊಡಗಿದೆ. ಯಲಹಂಕದ ಹತ್ತಿರದ ನಮ್ಮ ಕೋಗಿಲಿನ ಅಂಗಡಿಯವನು ನನ್ನ ಕನ್ನಡಕ ಕಂಡರೆ ಸೋಪುಗಳನ್ನು ಒಳಗಿಡತೊಡಗಿದ.

ಪಕ್ಕದ ಮನೆಯ ಗಂಗವ್ವ ಗದಗಿನ ಕಡೆಯವಳು. ಬೆಳಿಗ್ಗೆ ಹಾಲಿಗೆ ಇಬ್ಬರೂ ಜೊತೆಗೇ ಹೋಗುತ್ತಿದ್ದೆವು. ಸೊಸೆಯ ಮೇಲಿನ ನನ್ನ ದೂರುಗಳನ್ನು ಕೇಳುವ ಕಿವಿ ಅವಳದೊಂದೇ. ವರಮಹಾಲಕ್ಷ್ಮಿ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಕರೆದಿದ್ದೆ. ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದಳು. ಅವಳ ಗಂಡ ದಾಸರಹಳ್ಳಿಯ ಬಿಸ್ಕತ್ತು ಫ್ಯಾಕ್ಟರಿಗೆ ಹೊಸದಾಗಿ ಸೇರಿದ್ದ.

"ಯಕ್ಕಾ, ನಮ್ಮ ಮನಿಯವ್ರು ಸ್ವಂತ ಕೈಲೆ ಬೇಯಿಸಿದ್ದು," ಎಂದಳು.

ನಾನು ಕನ್ನಡಕ ಏರಿಸಿ ನಂಬರು ನೋಡಿದೆ; ಎಂಟು ಒಂಬತ್ತು ಸೊನ್ನೆ ಇರಲಿಲ್ಲ. "ನಿನ್ ಗಂಡ ಯಾವ್ ಅಂಗಡೀಲಿ ಬೇಯ್ಸಿದ್ನೋ! ಇದು ಫಾರಿನ್ ಮಾಲು ಕಣೇ."

ಕೂತಿದ್ದ ಹೆಂಗಸರೆಲ್ಲ ನಕ್ಕರು. ಗಂಗವ್ವ ತಾಂಬೂಲ ತೆಗೆದುಕೊಂಡು ಹೊರಟುಹೋದಳು. ಅಂದಿನಿಂದ ಹಾಲಿಗೆ ಒಬ್ಬಳೇ ಹೋಗತೊಡಗಿದಳು. ಹೋಗಲಿ, ನಿಜ ಹೇಳಿದರೆ ಯಾರಿಗೆ ಸೇರುತ್ತದೆ ಎಂದುಕೊಂಡೆ.

ನನ್ನ ನಿಜ ಮುರಿದದ್ದು ಖರ್ಜೂರದಿಂದ. ಏಕಾದಶಿಗೆಂದು ತಂದ ಪೊಟ್ಟಣದ ಮೇಲೆ ಎಂಟು ಒಂಬತ್ತು ಸೊನ್ನೆ! ಖರ್ಜೂರ ನಮ್ಮ ಯಲಹಂಕದಲ್ಲೇನು ಬೆಳೆಯುತ್ತದೆಯೇ? ಸೊಸೆಯನ್ನು ಕೇಳಿದೆ.

"ಇರಾನಿಂದು ಅಂತ ಬರ್ದಿದೆ ಅತ್ತೆ. ಕಂಪನಿಯವ್ರು ಎಲ್ಲಿ ನಂಬರ್ ರಿಜಿಸ್ಟರ್ ಮಾಡಿಸ್ತಾರೋ ಆ ದೇಶದ ನಂಬರು, ಅಷ್ಟೆ. ಮಾಲು ಎಲ್ಲಿಂದಾದ್ರೂ ಆಗ್ಬೋದು." ಮೂಲೆಗೆ ತಳ್ಳಿದ್ದ ಗಂಗವ್ವನ ಪೊಟ್ಟಣವನ್ನೂ ಓದಿದಳು. "ಕಂಪನಿ ಹೊರದೇಶದ್ದು, ಅದಕ್ಕೇ ನಂಬರು ಬೇರೆ. ತಯಾರಾಗಿದ್ದು ಬೆಂಗಳೂರಲ್ಲೇ."

"ಮೊದ್ಲೇ ಹೇಳೋಕೇನಾಗಿತ್ತೇ ನಿಂಗೆ?"

"ನೀವು ಯಾವತ್ತು ಕೇಳಿದ್ರಿ?"

ಆ ಬಿಸ್ಕತ್ತನ್ನು ಒಡೆದು ತಿಂದೆ. ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಹಾಲಿನ ಬೂತಿನಲ್ಲಿ ಗಂಗವ್ವನ ಹಿಂದೆ ಹೋಗಿ ನಿಂತೆ. ಹಬ್ಬಕ್ಕೆ ಬಂದು ನಕ್ಕವರೂ ಸಾಲಿನಲ್ಲಿದ್ದರು. "ನಿಮ್ ಯಜಮಾನ್ರು ಹೇಳಿದ್ದೇ ನಿಜ ಕಣೇ ಗಂಗವ್ವ. ತಪ್ಪು ನಂದೇ," ಎಂದೆ, ಎಲ್ಲರಿಗೂ ಕೇಳುವ ಹಾಗೆ. ಅವಳು ಹಾಲಿನ ಪ್ಯಾಕೆಟ್ಟು ತೆಗೆದುಕೊಂಡು ನನ್ನ ಮೂಗಿಗೆ ಹಿಡಿದಳು: "ಈ ಎಮ್ಮಿ ಯಾವ ದೇಶದ್ದು, ನೋಡಿ ಹೇಳಬೇ ಯಕ್ಕಾ!" ಸಾಲಿಗೆ ಸಾಲೇ ನಕ್ಕಿತು. ಅವಳು ಕಾಯದೆ ನಡೆದಳು. ಮನೆಯಲ್ಲಿ ಸೊಸೆ ಕಾಫಿಗೆ ನೀರಿಟ್ಟಿದ್ದಳು; ನಾನು ಸರದಿ ಬಿಟ್ಟು, ಹಾಲಿಲ್ಲದೆ ಬರಿಗೈಲಿ, ಗಂಗವ್ವನ ಹಿಂದೆ ಓಡಿದೆ.