ಹಲಗೆಯ ಮೇಲಿನ ಬೂಟು

ಹೊಸದುರ್ಗ ತಾಲ್ಲೂಕಿನಲ್ಲಿ ಮದುವೆಗೆ ಹವಾಯಿ ಚಪ್ಪಲಿಯಲ್ಲಿ ಹೋಗಿ, ಹೊಲಕ್ಕೆ ಮಾತ್ರ ಮಿಲಿಟರಿ ಬೂಟು ಹಾಕಿಕೊಂಡು ಹೋದ ರೈತ ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಮಾವನವರೊಬ್ಬರೇ! ಇನ್ನೊಬ್ಬರನ್ನು ತೋರಿಸಿ, ನಾನು ಬರೆಯುವುದನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಅವರು ನನ್ನ ಮಾವನವರ ತಮ್ಮ. ಎರಡು ಸಂಸಾರಕ್ಕೂ ಒಂದೇ ಒಲೆ. ಎಪ್ಪತ್ತರ ದಶಕದ ಮೊದಲಲ್ಲಿ ಕಾನ್ವೆಂಟಿನ ಓದು ಮುಗಿಸಿ ನಾನು ಆ ಮನೆಗೆ ಸೊಸೆಯಾಗಿ ಹೋದಾಗ, ಹಲಗೆ ಹೊಡೆಯುವುದು ಎಂದರೇನೆಂದು ನನಗೆ ತಿಳಿದಿರಲಿಲ್ಲ. ಉತ್ತ ಹೊಲದಲ್ಲಿ ಮಣ್ಣಿನ ಹೆಂಟೆಗಳು ಎದ್ದಿರುತ್ತವಲ್ಲ, ಅವುಗಳ ಮೇಲೆ ಎತ್ತು ಕಟ್ಟಿ ಉದ್ದನೆಯ ಹಲಗೆ ಎಳೆಸುತ್ತಾರೆ. ಹೆಂಟೆ ಪುಡಿಯಾಗಲೆಂದು ಒಬ್ಬರು ಅದರ ಮೇಲೆ ನಿಲ್ಲುತ್ತಾರೆ. ಸುಮ್ಮನೆ ನಿಂತರಾಯಿತೆ? ಎತ್ತರದ ಕಡೆ ಕಾಲು ಒತ್ತಬೇಕು, ತಗ್ಗಿನ ಕಡೆ ಸಡಿಲಬೇಕು. ಚಿಕ್ಕಮಾವ ಹಲಗೆ ಹೊಡೆದ ಹೊಲದಲ್ಲಿ ಗೋಲಿ ಇಟ್ಟರೆ, ಯಾವ ಕಡೆ ಉರುಳಬೇಕೆಂದು ತಿಳಿಯದೆ ಅದು ಅಲ್ಲೇ ಕುಳಿತುಬಿಡುತ್ತಿತ್ತು!

ಹೀಗಿರುವಾಗ ಅವರಿಗೆ ಸಕ್ಕರೆ ಕಾಯಿಲೆ ಬಂತು. ಪಾದಗಳು ಜೋಮು ಹಿಡಿದಂತಾಗಿ, ಬರಬರುತ್ತ ಏನು ಚುಚ್ಚಿದರೂ ಗೊತ್ತಾಗದ ಸ್ಥಿತಿಗೆ ಬಂದವು. ಬರಿಗಾಲಲ್ಲಿ ಓಡಾಡಕೂಡದು ಎಂದರು ಚಿತ್ರದುರ್ಗದ ಡಾಕ್ಟರು. ಆದರೆ ನಮ್ಮ ಮನೆಯಲ್ಲಿ ಉತ್ತ ಹೊಲಕ್ಕೆ ಎಕ್ಕಡ ಮೆಟ್ಟಿ ಇಳಿಯುವಂತಿಲ್ಲ. ಬದುವಿನ ಮೇಲೆ ಬಿಟ್ಟೇ ಹೋಗಬೇಕು. ಈ ವಿಷಯದಲ್ಲಿ ನನ್ನ ಮಾವ ಬಹಳ ಕಟ್ಟುನಿಟ್ಟು. ಚಿಕ್ಕಮಾವ ಏನು ಮಾಡಿದರು ಗೊತ್ತೇ? ಶಾಲೆಯ ಹುಡುಗರು ಡ್ರಿಲ್ಲಿಗೆ ಹಾಕುವಂಥ ಬಿಳಿ ಕ್ಯಾನ್‌ವಾಸ್ ಬೂಟು ತಂದರು. ಹಲಗೆಯನ್ನು ಬದುವಿನ ಮಗ್ಗುಲಿಗೇ ತರಿಸಿ, ರೈಲು ಹತ್ತುವವರ ಹಾಗೆ ಅಲ್ಲಿಂದ ನೇರವಾಗಿ ಅದರ ಮೇಲೆ ಕಾಲಿಟ್ಟರು.

"ಲೇ, ಭೂಮ್ತಾಯಿ ಮೇಲೆ ಬೂಟು ಹಾಕ್ಕಂಡು ನಿಂತೀಯೇನಲೇ?" ಎಂದು ಮಾವ ಗುಡುಗಿದರು.

"ನಾನೆಲ್ಲಿ ಭೂಮಿ ಮೇಲೆ ನಿಂತೀನಣ್ಣ? ಹಲಗೆ ಮೇಲಲ್ವಾ!"

ಆ ಮೆತ್ತನೆ ಬೂಟಿನ ಸುಖ ಒಂದು ಬಿತ್ತನೆಯವರೆಗೂ ಉಳಿಯಲಿಲ್ಲ. ಒಂದು ಸಂಜೆ ಜಗಲಿಯಲ್ಲಿ ಬಿಟ್ಟಿದ್ದ ಬೂಟನ್ನು ಒಗೆಯಲು ಎತ್ತಿಕೊಂಡೆ. ಹೊರಗಿನ ಕೆಂಪು ನಮ್ಮ ಮಣ್ಣಿನದು. ಒಳಗಿನ ಕೆಂಪು ಒದ್ದೆಯಾಗಿತ್ತು. ದಾರಿಯ ಜಾಲಿ ಮುಳ್ಳೊಂದು ಅಡಿಯನ್ನು ತೂರಿ ಪಾದಕ್ಕೆ ನಾಟಿದ್ದರೂ, ಚಿಕ್ಕಮಾವ ಕಾಲಾಡಿಸುತ್ತ ಕಾಫಿ ಕುಡಿಯುತ್ತಿದ್ದರು! ಗಾಯ ಮಾಯಲು ಬಹಳ ದಿನ ಹಿಡಿಯಿತು. ಇನ್ನೊಮ್ಮೆ ಹೀಗಾದರೆ ಕಾಲೇ ಉಳಿಯಲಿಕ್ಕಿಲ್ಲ ಎಂದರು ಡಾಕ್ಟರು.

"ಇನ್ನು ಒಂದು ಗೀರು ಬಿತ್ತೋ, ನೀನು ಹಲಗೆ ಹತ್ತಂಗಿಲ್ಲ. ಮನೇಲಿ ಕುಂತ್ಕ" ಎಂದರು ಮಾವ. ಚಿಕ್ಕಮಾವ ಅಂದು ರಾಗಿಮುದ್ದೆಯನ್ನು ಅರ್ಧಕ್ಕೇ ಬಿಟ್ಟೆದ್ದರು. ಮನೆಯಲ್ಲಿ ಕೂರುವುದೆಂದರೆ ಅವರಿಗೆ ಕಾಲು ಹೋದಂತೆಯೇ.

ಆಗಲೇ ಅವರ ಕಣ್ಣಿಗೆ ಬಿದ್ದದ್ದು ನನ್ನ ಹಳೆಯ ಇಂಗ್ಲಿಷ್ ಪತ್ರಿಕೆಯ ಚಿತ್ರ. ಅಡುಗೆಮನೆ ಗೂಡಿಗೆ ಹಾಸಿದ್ದೆ. ಹಿಮದ ಗುಡ್ಡದ ಮೇಲೆ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಜಾರುವ ಒಬ್ಬ ಬಿಳಿಯ ದೊರೆ.

"ಇವ್ರೂ ಹಲಗೆ ಹೊಡೀತಾರೇನವ್ವ? ಎತ್ತೆಲ್ಲಿ?"

"ಎತ್ತಿಲ್ಲ ಮಾವ. ಮೇಲಿಂದ ಕೆಳಕ್ಕೆ ಜಾರ್ತಾರೆ, ಆಟಕ್ಕೆ."

"ಹೆಂಟೇನೂ ಇಲ್ಲ, ಎತ್ತೂ ಇಲ್ಲ. ಅದ್ರಾಗೆ ಕಾಲಿಗೊಂದು ಹಲಗೆ! ಉಳ್ಳೋರ ಮನೆ ಮಕ್ಕಳು ಬಿಡವ್ವ." ಹಾಗೆಂದರೂ ಚಿತ್ರ ಕೆಳಗಿಡಲಿಲ್ಲ. "ಬೂಟು ನೋಡು, ಕಲ್ಲಿದ್ದಂಗೈತೆ. ಮುಳ್ಳಿನಪ್ಪ ಬಂದ್ರೂ ತೂರಾಕಾಗಲ್ಲ."

ಮರುವಾರ ಹೊಳಲ್ಕೆರೆಯ ನಿವೃತ್ತ ಸಿಪಾಯಿಯೊಬ್ಬರಿಂದ ಗಟ್ಟಿ ಬೂಟು ಬಂತು. ಅದಕ್ಕೆ ದಿನಾ ಕೊಬ್ಬರಿ ಎಣ್ಣೆಯ ಉಪಚಾರ! ಅಳತೆ ಬಲು ದೊಡ್ಡದು. ಚಿಕ್ಕತ್ತೆಯ ಹಳೆಯ ಸೀರೆ ಹರಿದು ಒಳಗೆ ತುರುಕಿದರು. "ನನ್ನ ತಲೆಗಿಲ್ಲದ ಎಣ್ಣೆ, ಮೈಗಿಲ್ಲದ ಸೀರೆ, ಎಲ್ಲಾ ಅದ್ಕೇ ಆಯ್ತು" ಎಂದರು ಚಿಕ್ಕತ್ತೆ.

ಗಟ್ಟಿ ಬೂಟಿಗೆ ಮುಳ್ಳಿನ ಭಯವಿಲ್ಲ ನಿಜ. ಆದರೆ ಅದು ಮರದ ಮೇಲೆ ಜಾರುತ್ತದೆ. ಚಿತ್ರದ ದೊರೆ ಜಾರಿ ಬೀಳದಿರಲು ಏನು ಮಾಡಿದ್ದ? ಬೂಟನ್ನು ಹಲಗೆಗೇ ಬಿಗಿದಿದ್ದ. ನಮ್ಮವರೂ ತೆಂಗಿನ ನಾರಿನ ಹಗ್ಗದಿಂದ ಬಿಗಿದರು! ಚಿತ್ರದಲ್ಲಿ ಎತ್ತಿರಲಿಲ್ಲ ಎಂಬುದು ಆಗ ಯಾರಿಗೂ ನೆನಪಾಗಲಿಲ್ಲ.

ಅಂದು ಬೆಳಿಗ್ಗೆ ನಾನು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದೆ. ಹಾಲುರಾಮೇಶ್ವರದ ಬಸ್ಸು ಹೊಲದ ಮಗ್ಗುಲಲ್ಲಿ ಜೋರಾಗಿ ಹಾರನ್ ಹೊಡೆದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಎತ್ತುಗಳು ಓಡೋಡಿ ಮನೆಗೆ ಬಂದವು. ಹಿಂದೆ ಹಲಗೆ. ಹಲಗೆಯ ಮೇಲೆ ಬೂಟುಗಳೆರಡೂ ನೆಟ್ಟಗೆ ನಿಂತಿದ್ದವು, ಲಾಡಿ ಸಹಿತ. ಒಳಗಿನಿಂದ ಹಸಿರು ಸೀರೆಯ ಚೂರು ಇಣುಕುತ್ತಿತ್ತು. ಮನುಷ್ಯ ಮಾತ್ರ ಇಲ್ಲ!

ಚಿಕ್ಕತ್ತೆ ಕಿರುಚಿಕೊಂಡರು. ಮಾವ ಕುಡುಗೋಲಿನಿಂದ ಹಗ್ಗ ಕೊಯ್ದು, ಬೂಟುಗಳನ್ನು ಕಂಕುಳಲ್ಲಿ ಅವುಚಿಕೊಂಡು, ಎಕ್ಕಡ ಮೆಟ್ಟಿ ಓಡಿದರು. ಹಿಂದೆಯೇ ನಾನು.

ಚಿಕ್ಕಮಾವ ಹೊಲದ ನಡುವೆ ನಿಂತಿದ್ದರು. ಮೈಯೆಲ್ಲ ಮಣ್ಣು. ಬಿದ್ದು ಎದ್ದಿದ್ದರು, ಆದರೆ ಎದ್ದಲ್ಲಿಂದ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ತುಳಿದದ್ದು ಮಣ್ಣೋ ಮುಳ್ಳೋ ಎಂದು ಅವರ ಪಾದ ಅವರಿಗೆ ಹೇಳುತ್ತಿರಲಿಲ್ಲವಲ್ಲ. ಬಿಸಿಲಿನಲ್ಲಿ ಹಾಗೆಯೇ, ನೆಟ್ಟ ಗೂಟದಂತೆ, ಕಾಯುತ್ತಿದ್ದರು.

ಬದುವಿನ ಹತ್ತಿರ ಮಾವ ನಿಲ್ಲಲಿಲ್ಲ. ನೇರ ಹೊಲಕ್ಕಿಳಿದರು. ಹಣ್ಣುಗೂದಲಿನ ಅಣ್ಣ ತಮ್ಮನ ಮುಂದೆ ಮಂಡಿಯೂರಿ ಕುಳಿತು, ಒಂದೊಂದೇ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಪಂಚೆಯ ಸೆರಗಿನಿಂದ ಮಣ್ಣು ಒರೆಸಿ, ಬೆರಳ ಸಂದಿಗಳನ್ನೆಲ್ಲ ಬಿಡಿಸಿ ನೋಡಿದರು. ಒಂದು ಗೀರೂ ಇರಲಿಲ್ಲ. ಬೂಟು ಹಾಕಿ, ಲಾಡಿ ಕಟ್ಟಲು ಬಾರದೆ, ಎತ್ತಿನ ಕೊರಳಿಗೆ ಹಾಕುವ ಗಂಟನ್ನೇ ಹಾಕಿದರು.

"ಅಣ್ಣಾ," ಎಂದರು ಚಿಕ್ಕಮಾವ ಮೆಲ್ಲಗೆ, "ನಿನ್ನ ಎಕ್ಕಡ..."

ಮಾವ ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. "ತಾಯಿ ಅಲ್ಲೇನಲೇ? ತಡ್ಕಂತಾಳೆ." ಆಮೇಲೆ ತಮ್ಮನ ತೋಳು ಹಿಡಿದು ಎದ್ದರು. "ನಾಳೆ ಬೂಟಿಗೆ ಇನ್ನೊಂದಿಷ್ಟು ಬಟ್ಟೆ ತುರುಕು. ಹಗ್ಗ ಮಾತ್ರ ಕಟ್ಟಬ್ಯಾಡ. ಹಲಗೆ ಮೇಲೆ ನಿನ್ನ ಹಿಂದೆ ನಾನು ನಿಲ್ತೀನಿ."