ಒಪ್ಪಿಗೆ ಕೇಳುವ ಭಾವ

ಆ ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ನಾನು ಮಸ್ಕತ್ತಿನ ಘಾಲಾದಲ್ಲಿರುವ ನಮ್ಮ ಗೋದಾಮಿನ ಎರಡನೆಯ ಶಟರಿನ ಹೊರಗೆ ನಿಂತಿದ್ದೆ. ಶಟರಿಗೂ ನನಗೂ ಆರು ಹೆಜ್ಜೆ. ಆಮೇಲೆ ಹೋಗಿ ಅಳೆದು ನೋಡಿದ್ದೇನೆ. ಕೈಯಲ್ಲಿ ಚಹಾ ಇತ್ತು.

ಅಲ್ಲಿ ಕಂಡದ್ದನ್ನು ಹೇಳುವ ಮೊದಲು ನನ್ನ ಭಾವನ ವಿಷಯ ಹೇಳಬೇಕು. ಅಕ್ಕನ ಗಂಡ, ಅದೇ ಗೋದಾಮಿನ ಕಚೇರಿಯಲ್ಲಿ ಕೆಲಸ. ಇಡೀ ಮಸ್ಕತ್ತಿನಲ್ಲಿ ನಮ್ಮ ಮಾಹಿತಿ ತೆಗೆದುಕೊಳ್ಳಲು ವೆಬ್‌ಸೈಟುಗಳು ಒಪ್ಪಿಗೆ ಕೇಳುವ ಕುಕಿ ಸೂಚನೆಯನ್ನು ಕೊನೆಯ ಸಾಲಿನವರೆಗೆ ಓದುವ ಮನುಷ್ಯ ಇವರೊಬ್ಬರೇ ಎಂದು ನನ್ನ ನಂಬಿಕೆ. ಓದಿ ಮುಗಿಸಿ ‘ಒಪ್ಪುವುದಿಲ್ಲ’ ಎಂದು ಒತ್ತುತ್ತಾರೆ. ಹೀಗಾಗಿ ಊರಿನ ಸುದ್ದಿ ಅವರಿಗೆ ತಲುಪುವ ಹೊತ್ತಿಗೆ ನಾವು ಅದನ್ನು ಮರೆತಿರುತ್ತೇವೆ.

ಈ ರೋಗ ಅಂಟಿದ್ದು ಒಂದು ತರಬೇತಿಯಿಂದ. ನಮ್ಮ ಕಂಪನಿ ಯಂತ್ರದ ಬಿಡಿಭಾಗ ತರಿಸುವುದು ಯುರೋಪಿನಿಂದ. ಜನರ ಮಾಹಿತಿಯನ್ನು ಹೇಗೆ ಕಾಯಬೇಕೆಂದು ಅಲ್ಲಿಯವರು ಆನ್‌ಲೈನಿನಲ್ಲಿ ಒಂದು ದಿನ ಪಾಠ ಮಾಡಿದರು. ನಾವೆಲ್ಲ ಕ್ಯಾಮೆರಾ ಮುಚ್ಚಿ ಪರೋಟ ತಿಂದೆವು. ಭಾವ ಎರಡು ನೋಟ್‌ಬುಕ್ ತುಂಬಿಸಿದರು. ಮನುಷ್ಯನ ಹೆಸರು, ಮುಖ, ಕಾಯಿಲೆ ಎಲ್ಲ ಅವನ ಸ್ವಂತದ್ದು. ಅವನನ್ನು ಕೇಳದೆ ಇನ್ನೊಬ್ಬರಿಗೆ ದಾಟಿಸಬಾರದು. ಪಾಠದ ಸಾರ ಇಷ್ಟೇ. ಇನ್ನೊಬ್ಬರ ಹೆಸರು, ಮುಖ, ಕಾಯಿಲೆಯನ್ನು ತೆಗೆದುಬಿಟ್ಟರೆ ನಮ್ಮ ಕಡೆಯವರ ಮಾತುಕತೆಯಲ್ಲಿ ಏನು ಉಳಿಯುತ್ತದೆ, ನೀವೇ ಹೇಳಿ?

ಖುರುಮ್ ಪಾರ್ಕಿನಲ್ಲಿ ಊರವರೆಲ್ಲ ಸೇರಿದ್ದಾಗ ಗುಂಪು ಫೋಟೊಕ್ಕೆ ಮೊದಲು ಭಾವ ಒಪ್ಪಿಗೆ ಚೀಟಿ ಹಂಚಿದರು. ಫೋಟೊ ಯಾವ ವಾಟ್ಸಾಪ್ ಗ್ರೂಪಿಗೆ, ಎಷ್ಟು ದಿನಕ್ಕೆ ಎಂದೆಲ್ಲ ಅದರಲ್ಲಿತ್ತು. ಎಲ್ಲರೂ ಓದದೆ ಸಹಿ ಹಾಕಿದರು. ಎಂಟು ವರ್ಷದ ನನ್ನ ಮಗಳು ಮಾತ್ರ ಪೂರ್ತಿ ಓದಿ, “ಮಾವ, ಐ ಡೋಂಟ್ ಕನ್ಸೆಂಟ್” ಎಂದಳು. ಆ ಫೋಟೊದಲ್ಲಿ ಅವರಿಬ್ಬರೂ ಇಲ್ಲ. ಭಾವ ಸಂತೋಷ ತಡೆಯಲಾರದೆ ಅವಳನ್ನು ಐಸ್‌ಕ್ರೀಮಿಗೆ ಕರೆದೊಯ್ದಿದ್ದರು.

“ನಿಮಗೆ ನನ್ನನ್ನು ಕಟ್ಟುವಾಗ ನನ್ನ ಹತ್ರ ಯಾರು ಒಪ್ಪಿಗೆ ಕೇಳಿದ್ದು?” ಎಂದು ಅಕ್ಕ ಒಮ್ಮೆ ಊಟಕ್ಕೆ ಬಡಿಸುತ್ತ ಕೇಳಿದಳು.

ಭಾವ ತುತ್ತು ಕೆಳಗಿಟ್ಟರು. “ಈಗ ಕೇಳ್ತೇನೆ.”

“ಯೋಚನೆ ಮಾಡ್ಲಿಕ್ಕೆ ಒಂದು ತಿಂಗಳು ಬೇಕು. ನಿಮ್ಮ ನೋಟ್‌ಬುಕ್ಕಿನಲ್ಲೇ ಹಾಗೆ ಉಂಟಲ್ಲ?”

ಭಾವ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉತ್ತರ ಬಂತೋ ಇಲ್ಲವೋ ಕೇಳಿಲ್ಲ. ಅದು ಅವರ ಸ್ವಂತದ್ದು.

ಆಮೇಲೆ ಭಾವ ಇನ್ನೂ ದೂರ ಹೋದರು. ಇಡೀ ಲೋಕದ ಇಂಟರ್‌ನೆಟ್ಟನ್ನು ಯಾವ ನೀತಿಯಿಂದ ನಡೆಸಬೇಕು, ಅದರಲ್ಲಿ ಯುರೋಪಿನ ಮೌಲ್ಯಗಳಿಗೆ ಎಷ್ಟು ಜಾಗ ಎಂದು ಚರ್ಚಿಸುವ ಆನ್‌ಲೈನ್ ಸಭೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತರು. ಯಾರು ಬೇಕಾದರೂ ಪ್ರಶ್ನೆ ಕಳಿಸಬಹುದಿತ್ತು. ಭಾವ ಬರೆದದ್ದು ಒಂದೇ ಸಾಲು: ನಿಮ್ಮ ಈ ಮೌಲ್ಯಗಳು ಘಾಲಾದ ಗೋದಾಮಿನಲ್ಲಿ ದುಡಿಯುವವನಿಗೂ ಸಿಗುತ್ತವೆಯೇ? ಸಭೆ ನಡೆಸುತ್ತಿದ್ದ ಹೆಂಗಸು ಅದನ್ನು ಓದಿ, ಬಹಳ ಒಳ್ಳೆಯ ಪ್ರಶ್ನೆ ಎಂದರು. ಅಷ್ಟರಲ್ಲಿ ಸಮಯ ಮುಗಿಯಿತು.

ಈಗ ಆ ಮಂಗಳವಾರಕ್ಕೆ ಬರುತ್ತೇನೆ.

ನಮ್ಮ ಜೊತೆ ಕೆಲಸ ಮಾಡುವ ಸದಾನಂದ ಒಳಗೆ ಮೇಲಿನ ಕಪಾಟಿನಿಂದ ಪೆಟ್ಟಿಗೆ ಇಳಿಸುತ್ತಿದ್ದವನು ಏಣಿಯಿಂದ ಬಿದ್ದ. ಬೀಳುವುದನ್ನು ನಾನು ನೋಡಲಿಲ್ಲ, ಸದ್ದು ಕೇಳಿದೆ. ತಿರುಗಿದಾಗ ಅವನು ನೆಲದ ಮೇಲಿದ್ದ. ಎಡಗಾಲು ಮಡಚಬಾರದ ಕಡೆಗೆ ಮಡಚಿತ್ತು. ಪ್ಯಾಂಟು ಸೊಂಟದವರೆಗೆ ಹರಿದಿತ್ತು. “ಅಪ್ಪೇ, ಅಪ್ಪೇ” ಎಂದು ತುಳುವಿನಲ್ಲಿ ತಾಯಿಯನ್ನು ಕರೆಯುತ್ತಿದ್ದ. ಒಬ್ಬ ಆಂಬುಲೆನ್ಸಿಗೆ ಕರೆ ಮಾಡಿದ. ಉಳಿದ ಆರು ಫೋನುಗಳು ಅವನತ್ತ ತಿರುಗಿದವು. ಆರರಲ್ಲಿ ಒಂದು ನನ್ನದು. ಅದನ್ನು ತೆಗೆಯಲಿಕ್ಕೆಂದು ನಾನು ಚಹಾವನ್ನು ಜೋಪಾನವಾಗಿ ಕೆಳಗಿಟ್ಟಿದ್ದೆ.

ಸದ್ದು ಕೇಳಿ ಕಚೇರಿಯಿಂದ ಬಂದ ಭಾವ ಹೊರಗೆ ನಿಂತಿದ್ದ ತಮ್ಮ ಕಾರಿನತ್ತ ಓಡಿದರು. ಮುಂದಿನ ಗಾಜಿಗೆ ಬಿಸಿಲು ತಡೆಯಲು ಇಡುವ ಬೆಳ್ಳಿ ಬಣ್ಣದ ಹಾಳೆಯನ್ನು ಎಳೆದು ತಂದು, ಸದಾನಂದನಿಗೂ ನಮಗೂ ನಡುವೆ ಬಿಡಿಸಿ ಹಿಡಿದರು.

“ಅವನ ಹತ್ರ ಕೇಳಿದ್ರಾ?”

ನಾನೇ ಹೇಳಿದೆ, “ಭಾವ, ಇದು ಘಾಲಾ. ಯುರೋಪ್ ಅಲ್ಲ.”

“ಯುರೋಪ್ ಅಲ್ಲಿರ್ಲಿ ಮಾರಾಯ. ಇವನ ಅಮ್ಮ ಪಡುಬಿದ್ರಿಯಲ್ಲಿ ಇದ್ದಾರೆ. ಅವರ ಕೈಯಲ್ಲೂ ಫೋನ್ ಉಂಟು.”

ನಾನು ಫೋನ್ ಜೇಬಿಗೆ ಹಾಕಿದೆ. ಫೋರ್ಕ್‌ಲಿಫ್ಟ್ ಓಡಿಸುವ ಐವನ್ ಬಂದು ಹಾಳೆಯ ಇನ್ನೊಂದು ತುದಿ ಹಿಡಿದ. ಮೆಕ್ಯಾನಿಕ್ ಹಮೀದ್, “ಖಲಾಸ್, ಸಬ್ ಬಂದ್ ಕರೋ” ಎಂದು ಉಳಿದವರ ಫೋನುಗಳನ್ನು ಇಳಿಸಿದ. ಆಂಬುಲೆನ್ಸ್ ಬರಲು ಇಪ್ಪತ್ತೆರಡು ನಿಮಿಷ ಬೇಕಾಯಿತು. ಭಾವ ಅಷ್ಟು ಹೊತ್ತೂ ಅಲ್ಲೇ ನಿಂತರು. ಹಾಳೆ ಇಳಿಯಲಿಲ್ಲ.

ತಾಯಿಗೆ ವಿಷಯ ತಿಳಿದದ್ದು ಸಂಜೆ, ಆಸ್ಪತ್ರೆಯಿಂದ, ಸದಾನಂದನ ಬಾಯಿಂದಲೇ. “ಕಾಲು ಮುರಿದಿದೆ ಅಮ್ಮ, ಬೇರೆ ಎಂತ ಇಲ್ಲ” ಎಂದನಂತೆ.

ಕಳೆದ ವಾರ ಅವನೇ ನನ್ನನ್ನು ಕೇಳಿದ. “ಆವತ್ತಿನದ್ದು ನಂಗೆ ಒಂದೂ ನೆನಪಿಲ್ಲ. ಯಾರ ಹತ್ರ ಆದ್ರೂ ವಿಡಿಯೊ ಉಂಟಾ?”

ನನ್ನಲ್ಲಿ ನಾಲ್ಕು ಸೆಕೆಂಡು ಇತ್ತು, ಆವತ್ತೇ ಅಳಿಸಿದ್ದೆ. ಇದನ್ನು ಕೇಳಿ ಭಾವ ನನ್ನನ್ನೇ ಬೈದರು. “ಅದು ಅವನದ್ದು. ಅಳಿಸುವ ಮೊದಲು ಅವನ ಹತ್ರ ಕೇಳ್ಬೇಕಿತ್ತು.”

ಹಾಗಾಗಿ ಆ ವಿಡಿಯೊದ ಬದಲಿಗೆ ಸದಾನಂದನಿಗೆಂದು ಇದನ್ನು ಬರೆದೆ. ಪ್ರಕಟಿಸುವ ಮೊದಲು ಎಲ್ಲರ ಒಪ್ಪಿಗೆ ಪಡೆದಿದ್ದೇನೆ. ಭಾವ ಹೆಸರು ಬೇಡ ಎಂದರು. ಹೆಸರು ಹಾಕಬಹುದು ಎಂದವರು ಐವನ್ ಮತ್ತು ಹಮೀದ್. ಇಬ್ಬರೂ ಈಗಲೂ ಅದೇ ಗೋದಾಮಿನಲ್ಲಿದ್ದಾರೆ, ನನ್ನ ಮಾತಿನಲ್ಲಿ ಅನುಮಾನವಿದ್ದರೆ ಕೇಳಬಹುದು. ಮೂರನೆಯವನು ಸದಾನಂದ. ಊರುಗೋಲನ್ನು ಗೋಡೆಗೆ ಒರಗಿಸಿಟ್ಟು, ಎರಡು ಕಾಲ ಮೇಲೆ ನಿಂತು, ಪೂರ್ತಿ ಓದಿ ಸಹಿ ಹಾಕಿದ.